ಒಂದರ ಪಟ್ಟಿ, ಎರಡರ ಪಟ್ಟಿ

ಆ ಬೇಸಿಗೆಯಲ್ಲಿ ನಾನು ಮಾಡಿದ ಕೆಲಸವೆಂದರೆ ಹಲಗೆಗೆ ಬಿಳಿ ಬಣ್ಣ ಬಳಿದದ್ದು. ಬಳಿದ ಹಲಗೆಯ ಮೇಲೆ ಪಂಪಿನ ಕವಚದ ನಕ್ಷೆ ಬರೆಯುವುದು, ಅದನ್ನು ನೋಡಿ ಅನುಮಾನ ಪಡುವುದು, ಮತ್ತೆ ಬಿಳಿ ಬಣ್ಣ ಬಳಿಯುವುದು. ಬಣ್ಣ ಪದರದ ಮೇಲೆ ಪದರ ಕೂತು, ಗೀರು ಹಾಕುವ ಮೊಳೆ ಹಲಗೆಗೇ ತಾಗದೆ ಬಣ್ಣದಲ್ಲಿ ಹೂತುಹೋಗುತ್ತಿತ್ತು. ಖಾಸಬಾಗದ ನನ್ನ ಶೆಡ್ಡಿನ ಬಾಜುವಿನಲ್ಲಿ ಮಗ್ಗಗಳಿವೆ. ಅಲ್ಲಿ ದಿನವೂ ಸೀರೆ ಇಳಿಯುತ್ತಿತ್ತು, ನನ್ನಲ್ಲಿ ಒಂದು ಕಟ್ಟಿಗೆ ತುಂಡೂ ಆಕಾರಕ್ಕೆ ಬರುತ್ತಿರಲಿಲ್ಲ.

ನಮ್ಮದು ಪ್ಯಾಟರ್ನ್ ಮಾಡುವ ಕಸಬು. ಫೌಂಡ್ರಿಯವರು ಕರಗಿದ ಲೋಹ ಹೊಯ್ಯುವ ಮೊದಲು ಮರಳಿನಲ್ಲಿ ಅಚ್ಚು ಒತ್ತಬೇಕು. ಒತ್ತಲು ಬೇಕಾದ ಮರದ ರೂಪವೇ ಪ್ಯಾಟರ್ನ್. ಎರಕದ ಒಳಗೆ ಪೊಳ್ಳು ಬೇಕಿದ್ದರೆ ಆ ಜಾಗದಲ್ಲಿ ಗಟ್ಟಿ ಮಾಡಿದ ಮರಳಿನ ಮುದ್ದೆಯೊಂದನ್ನು ಕೂಡಿಸುತ್ತಾರೆ, ಅದಕ್ಕೆ ಕೋರ್ ಅನ್ನುತ್ತಾರೆ. ಕೋರ್ ಮಾಡಲು ಇನ್ನೊಂದು ಮರದ ಪೆಟ್ಟಿಗೆ ಬೇಕು. ಇದರ ಜೊತೆಗೆ ತಿಳಿದಿರಬೇಕಾದ ಸಂಗತಿ ಒಂದೇ: ಲೋಹ ಆರುವಾಗ ಕುಗ್ಗುತ್ತದೆ, ಆದ್ದರಿಂದ ಮರದ ರೂಪವನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಪ್ರತಿ ಗೆರೆಗೂ ಲೆಕ್ಕ ಹಾಕುತ್ತ ಕೂರುವವರು ಯಾರು? ಹಾಗಾಗಿ ನಮ್ಮ ಅಳತೆಪಟ್ಟಿಗಳೇ ಉದ್ದವಾಗಿರುತ್ತವೆ. ಬೀಡುಕಬ್ಬಿಣಕ್ಕೆ ನೂರಕ್ಕೆ ಒಂದು ಹೆಚ್ಚಿರುವ ಪಟ್ಟಿ, ಉಕ್ಕಿಗೆ ನೂರಕ್ಕೆ ಎರಡು ಹೆಚ್ಚಿರುವುದು. ಕಸಬಿನವರ ಬಾಯಲ್ಲಿ ಒಂದರ ಪಟ್ಟಿ, ಎರಡರ ಪಟ್ಟಿ. ನೋಡಲು ಅವಳಿ ಮಕ್ಕಳು. ಅಂಗಡಿಯ ಪಟ್ಟಿಯ ಪಕ್ಕ ಇಟ್ಟರೆ ಎರಡೂ ಸುಳ್ಳು ಹೇಳುತ್ತವೆ, ಆದರೆ ಲೋಹ ಆರಿದ ಮೇಲೆ ಆ ಸುಳ್ಳೇ ಖರೆಯಾಗುತ್ತದೆ.

ಮೊದಲು ಶೆಡ್ಡಿನಲ್ಲಿ ಇಬ್ಬರಿದ್ದೆವು. ನಾನು ನಕ್ಷೆ ಓದಿ, ಹಲಗೆಯ ಮೇಲೆ ಪೂರ್ತಿ ಗಾತ್ರದಲ್ಲಿ ಬರೆದು, ಅದರ ಪ್ರಕಾರ ತಗಡಿನ ಮಾದರಿಗಳನ್ನು ಕತ್ತರಿಸಿ ಕೊಡುವವಳು. ಆ ತಗಡು ಹಿಡಿದು ಕಟ್ಟಿಗೆ ಕಡೆಯುವವನು ಅಣ್ಣ. ಒಡಹುಟ್ಟಿದ ಅಣ್ಣನಲ್ಲ. ನನಗೆ ಅಣ್ಣತಮ್ಮಂದಿರಿಲ್ಲ, ಅವನಿಗೆ ತಂಗಿಯಿರಲಿಲ್ಲ. ಒಂದು ನಾಗರಪಂಚಮಿಗೆ ಮನೆಗೆ ಕರೆದ, ಜೋಕಾಲಿ ಕಟ್ಟಿಸಿದ, ಬರುವಾಗ ಉಂಡಿಯ ಡಬ್ಬಿ ಕೈಗಿಟ್ಟ. ಅಲ್ಲಿಂದ ಪ್ರತಿ ಪಂಚಮಿಗೂ ಅದೇ ನನ್ನ ತವರು. ಮಹಾಂತೇಶ ನಗರದ ನಮ್ಮ ಮನೆಗೆ ಅವನು ಬಂದರೆ ನನ್ನ ಅತ್ತೆ, ಬೀಗರು ಬಂದರು ಅಂತ ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚಿಗೆ ಹಾಕುತ್ತಿದ್ದರು.

ಹೋದ ವರ್ಷ ನಮಗೆ ಮೊದಲ ಉಕ್ಕಿನ ಕೆಲಸ ಬಂತು. ಪಂಪಿನ ಕವಚ, ಒಳಗೆ ಬಸವನಹುಳುವಿನ ಚಿಪ್ಪಿನಂತೆ ಸುತ್ತುವ ಪೊಳ್ಳು. ನಾನು ಹಲಗೆ ಬರೆದು, ತಗಡು ಕತ್ತರಿಸಿಟ್ಟು, ಚಿಕ್ಕಮ್ಮನ ಮಗಳ ಮದುವೆಗೆಂದು ಹಲಸಿ ಊರಿಗೆ ಹೋದೆ. ವಾಪಸು ಬರುವಷ್ಟರಲ್ಲಿ ಕೋರ್ ಪೆಟ್ಟಿಗೆ ತಯಾರಾಗಿ ಫೌಂಡ್ರಿ ಸೇರಿತ್ತು. ಎರಕ ಬಂತು. ನೀರು ತುಂಬಿ ಒತ್ತಡ ಕೊಟ್ಟಾಗ ಕವಚದ ಒಂದು ಬದಿ ಬೆವರಿತು. ಕೊಯ್ದು ನೋಡಿದರೆ ಮೇಲಿನ ಗೋಡೆ ತೆಳು, ಕೆಳಗಿನದು ದಪ್ಪ. ಕೋರ್ ಮರಳಚ್ಚಿನ ತನ್ನ ಗೂಡಿನಲ್ಲಿ ಸಡಿಲವಾಗಿ ಕೂತಿತ್ತು, ಕರಗಿದ ಉಕ್ಕು ಅದನ್ನು ಮೇಲಕ್ಕೆ ಎತ್ತಿಬಿಟ್ಟಿತ್ತು. ಪ್ಯಾಟರ್ನ್ ಎರಡರ ಪಟ್ಟಿಯಲ್ಲಿ, ಕೋರ್ ಒಂದರ ಪಟ್ಟಿಯಲ್ಲಿ ಆದರೆ ಹೀಗಾಗುತ್ತದೆ. ಇಂಥ ತಪ್ಪು ಜಗತ್ತಿನಲ್ಲಿ ನಮ್ಮ ಕಸಬಿನವರು ಮಾತ್ರ ಮಾಡಬಲ್ಲರು.

ಅಣ್ಣ ನನ್ನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದ.

"ತಂಗೆವ್ವಾ, ಹಲಗೀ ಮ್ಯಾಲ ಕೋರಿಂದು ನೀ ಒಂದರ ಪಟ್ಟೀಲೆ ಬರದಿದ್ದಿ. ಇರ್ಲಿ ಬಿಡು, ಮಾಲಕರ ಮುಂದ ನಾ ಸಂಭಾಳಸ್ತೀನಿ."

ನಾನು ಹಲಗೆಯ ಕಡೆ ಓಡಿದೆ. ಮುಂದಿನ ಕೆಲಸಕ್ಕೆಂದು ಅದಕ್ಕೆ ಆಗಲೇ ಬಿಳಿ ಬಣ್ಣ ಬಿದ್ದಿತ್ತು. ತಗಡು ಎಲ್ಲಿ ಎಂದು ಕೇಳಿದೆ. ಅಣ್ಣ, ರೂಢಿಯಂತೆ ಕೋರ್ ಪೆಟ್ಟಿಗೆಯ ಬೆನ್ನಿಗೇ ಮೊಳೆ ಹೊಡೆದಿದ್ದೆ, ಫೌಂಡ್ರಿಯ ಮಾಲಕರು ಸಿಟ್ಟಿನಲ್ಲಿ ಪೆಟ್ಟಿಗೆಯನ್ನೇ ಒಲೆಗೆ ಹಾಕಿಸಿದರು ಅಂದ. ಮುಂದೆ ರಿಪೇರಿಗೆ ಬಂದಾಗ ಕೈಗೆ ಸಿಗಲಿ ಅಂತ ತಗಡನ್ನು ಪೆಟ್ಟಿಗೆಯ ಬೆನ್ನಿಗೆ ಹೊಡೆಯುವುದು ನಮ್ಮ ಶೆಡ್ಡಿನ ಪದ್ಧತಿ, ಹಾಗಾಗಿ ಅನುಮಾನಕ್ಕೆ ಜಾಗವಿರಲಿಲ್ಲ. ಮದುವೆಯ ಗಡಿಬಿಡಿಯಲ್ಲಿ ಬರೆದದ್ದು ಖರೆ, ಮೇಜಿನ ಮೇಲೆ ಎರಡೂ ಪಟ್ಟಿ ಇದ್ದದ್ದೂ ಖರೆ. ಆ ಪಂಚಮಿಗೆ ಅವನ ಮನೆಗೆ ಹೋಗಿ, ಹುತ್ತದ ಮುಂದೆ ಕೂತು, ಮನೆಯವರ ಹೆಸರಿನಲ್ಲಿ ಎರೆಯುವ ಪದ್ಧತಿಯಂತೆ ಅಣ್ಣನ ಪಾಲು ಅಂತ ಹೇಳಿ ಹಾಲೆರೆದೆ. ನನ್ನ ಮರ್ಯಾದೆ ಉಳಿಸಿದವನಿಗೆ ಅಷ್ಟಾದರೂ ಬೇಡವೇ?

ಅಲ್ಲಿಂದ ನನ್ನ ಕೈ ನಿಧಾನವಾಯಿತು. ಒಂದು ಗೆರೆ ಎಳೆದರೆ ಅದನ್ನು ಮೂರು ಸಲ ಅಳೆಯುತ್ತಿದ್ದೆ. ಅಳೆದದ್ದು ಯಾವ ಪಟ್ಟಿಯಲ್ಲಿ ಅಂತ ಮತ್ತೆ ಪಟ್ಟಿ ತಿರುಗಿಸಿ ನೋಡುತ್ತಿದ್ದೆ. ಅಣ್ಣ ಮೊದಮೊದಲು ನಕ್ಕ, ಆಮೇಲೆ ಗೊಣಗಿದ, ದೀಪಾವಳಿ ಆದ ಮೇಲೆ ಬೇರೆ ಶೆಡ್ಡು ಹಾಕಿದ. ನಿನ್ನ ಮೇಲೆ ಸಿಟ್ಟಿಲ್ಲ, ಆದರೆ ಹೀಗೆ ಅಳೆದು ಸುರಿದು ಮಾಡಿದರೆ ಗಿರಾಕಿ ನಿಲ್ಲುವುದಿಲ್ಲ ಅಂದ. ಗಿರಾಕಿಗಳು ನಿಲ್ಲಲಿಲ್ಲ, ಅವನ ಹಿಂದೆಯೇ ಹೋದರು. ಅವನ ಮಾತಿನಲ್ಲಿ ನ್ಯಾಯವಿದೆ ಅಂತ ನಾನು ಒಪ್ಪಿಕೊಂಡೆ.

ಬೇಸಿಗೆಯಲ್ಲಿ ಬೇರೊಂದು ಫೌಂಡ್ರಿಯ ಮಾಲಕರು ಒಂದು ಕೆಲಸ ಕೊಟ್ಟರು. ಅದೂ ಉಕ್ಕಿನ ಪಂಪಿನ ಕವಚ, ಅದೇ ಬಸವನಹುಳು. ನನ್ನೊಬ್ಬಳ ಹೆಸರಿಗೆ ಬಂದ ಮೊದಲ ಕೆಲಸ. ದಸರಾದೊಳಗೆ ಎರಕ ನೋಡಬೇಕು ಅಂದರು. ಇದು ಕೆಟ್ಟರೆ ಶೆಡ್ಡಿಗೆ ಕೀಲಿ ಹಾಕಿ ಯಾವುದಾದರೂ ಆಫೀಸಿನಲ್ಲಿ ನಕ್ಷೆ ತಿದ್ದುವ ನೌಕರಿ ಹಿಡಿಯುತ್ತೇನೆಂದು ಮನೆಯಲ್ಲಿ ಹೇಳಿದೆ. ಕಸಬು ಬಿಡುವ ಮಾತು ಬಾಯಿಂದ ಸಲೀಸಾಗಿ ಬಂತು. ಆಗಲೇ ಶುರುವಾದದ್ದು ಆ ಬಿಳಿ ಬಣ್ಣದ ಕಾರುಬಾರು.

ಕಟ್ಟಿಗೆಯನ್ನಾದರೂ ತಂದಿಟ್ಟುಕೊಂಡರೆ ಕೈ ಓಡೀತು ಅಂದುಕೊಂಡು ಖಾನಾಪುರಕ್ಕೆ ಹೋದೆ. ಅಲ್ಲಿ ಸಾ ಮಿಲ್ಲು ನಡೆಸುವ ಚಾಚಾ ನಮಗೆ ಮೊದಲಿಂದ ಕಟ್ಟಿಗೆ ಕೊಡುವವರು, ಒಣಗಿದ ಹಳೆಯ ಸಾಗವಾನಿಯನ್ನು ನಮಗೆಂದೇ ಎತ್ತಿಡುತ್ತಿದ್ದರು. ನನ್ನನ್ನು ಕೂಡಿಸಿ, ಚಹಾ ತರಿಸಿ, ಹಲಗೆ ತೆಗೆಯಲು ಒಳಗೆ ಹೋದರು. ನಾನು ಅತ್ತಿತ್ತ ನೋಡುತ್ತ ಕೂತಿದ್ದೆ. ಮೂಲೆಯಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಕೂತ ಜಾಗ ನೋಡಿದರೆ ನನಗೆ ಗುರುತು ಸಿಕ್ಕಿತು. ಅದು ಬಸವನಹುಳುವಿನ ಆಕಾರದ ಗುಂಡಿ. ನಮ್ಮ ಕೋರ್ ಪೆಟ್ಟಿಗೆ.

ಫೌಂಡ್ರಿಯ ಒಲೆಯಲ್ಲಿ ಸುಟ್ಟುಹೋದ ಪೆಟ್ಟಿಗೆ ಖಾನಾಪುರದಲ್ಲಿ ಮೊಟ್ಟೆ ಹೊತ್ತು ಕೂತಿದೆ! ಚಾಚಾ ಬಂದಾಗ, ಇದು ಇಲ್ಲಿಗೆ ಹೇಗೆ ಬಂತೆಂದು ಕೇಳಿದೆ.

"ನಿಮ್ಮಣ್ಣ ಹ್ವಾದ ವರ್ಷ ತಂದು ಒಗದು ಹೋದಾ, ಬೇಟಿ. ಸುಟ್ಟಬಿಡ್ರಿ ಚಾಚಾ ಅಂದಾ. ಸಾಗವಾನಿ ಐತಿ, ಸುಡಾಕ ಮನಸ ಬರ್ಲಿಲ್ಲ. ಕೋಳಿಗೆ ಛಲೋ ಆತು."

ಕೋಳಿ ಕಾಳಿಗೆ ಏಳುವವರೆಗೆ ಕಾದೆ. ಚಾಚಾ ಮೊಟ್ಟೆಗಳನ್ನು ಬುಟ್ಟಿಗೆ ಹಾಕಿದರು, ನಾನು ಪೆಟ್ಟಿಗೆ ತಿರುಗಿಸಿದೆ. ಬೆನ್ನಿನ ಮೇಲೆ ನನ್ನ ತಗಡುಗಳು ಇದ್ದವು, ಮೊಳೆಗೆ ಸ್ವಲ್ಪ ತುಕ್ಕು ಹಿಡಿದಿತ್ತು ಅಷ್ಟೆ. ಇಕ್ಕಳದಿಂದ ಒಂದನ್ನು ಕಿತ್ತು ಗುಂಡಿಯಲ್ಲಿ ಇಳಿಸಿದೆ. ಇಳಿಯಲಿಲ್ಲ. ಇನ್ನೊಂದು ಕಿತ್ತೆ, ಅದೂ ಅಷ್ಟೆ. ಆ ದಿನಗಳಲ್ಲಿ ಎರಡೂ ಪಟ್ಟಿಗಳನ್ನು ಚೀಲದಲ್ಲಿ ಹೊತ್ತುಕೊಂಡೇ ತಿರುಗುತ್ತಿದ್ದೆ. ತಗಡನ್ನು ಎರಡರ ಪಟ್ಟಿಗೆ ಹಿಡಿದೆ, ಗೆರೆಗೆ ಗೆರೆ ಕೂಡಿತು. ಗುಂಡಿಯನ್ನು ಅಳೆದೆ, ಅದು ಒಂದರ ಪಟ್ಟಿಗೆ ಸರಿಯಾಗಿ ಬಂತು.

ನಾನು ಬರೆದದ್ದು ಸರಿಯಿತ್ತು. ನಾನು ಊರಲ್ಲಿಲ್ಲದಾಗ ಅವನು ತಗಡು ಹಿಡಿಯದೆ, ನಕ್ಷೆ ನೋಡಿಕೊಂಡು ಕೈಗೆ ಸಿಕ್ಕ ಪಟ್ಟಿಯಲ್ಲಿ ಕಡೆದಿದ್ದ. ಮುಗಿದ ಮೇಲೆ ಕೈರೂಢಿಯಿಂದ ತಗಡನ್ನು ಬೆನ್ನಿಗೆ ಹೊಡೆದಿದ್ದ.

ಇನ್ನು ನನ್ನ ಕೈ ಬಿಡುಗಡೆಯಾಯಿತು, ಓಡುತ್ತದೆ ಅಂತ ನೀವು ಅಂದುಕೊಳ್ಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದದ್ದು ತಿರುವುಮುರುವು. ಮೊದಲು ತಲೆಯಲ್ಲಿ ಗೆರೆಗಳು ತಿರುಗುತ್ತಿದ್ದವು, ಈಗ ಅಣ್ಣ ತಿರುಗತೊಡಗಿದ. ಯಾವಾಗಿನಿಂದ ಗೊತ್ತಿತ್ತು ಅವನಿಗೆ? ಎರಕ ಕೊಯ್ದಾಗಲೇ? ಇಲ್ಲ, ಆಮೇಲೆ ಯಾವಾಗಲೋ ಅಳೆದು ತಿಳಿದು, ಹೇಳಲು ನಾಚಿಕೊಂಡನೇ? ಪಂಚಮಿಯ ಹೊತ್ತಿಗೆ ತಿಳಿದಿತ್ತೇ? ತಿಳಿದೂ ಉಂಡಿ ಕೊಟ್ಟನೇ? ಅವನ ಪರವಾಗಿ ನಾನೇ ವಕೀಲಿ ಮಾಡಿದೆ, ನಾನೇ ಶಿಕ್ಷೆ ಕೊಟ್ಟೆ, ಅಪೀಲೂ ನಾನೇ ಕೇಳಿದೆ. ಅತ್ತೆಗೆ ಹೇಳಿದಾಗ ಅವರು ಬಟಾಣಿ ಸುಲಿಯುತ್ತ, ನಂಬಿದ ಎಮ್ಮೆ ಕೋಣ ಈಯಿತು ಅಂದರು. ಎಮ್ಮೆಯ ವಿಷಯದಲ್ಲಾದರೆ ಅದು ಅಲ್ಲಿಗೇ ಮುಗಿಯುತ್ತದೆ.

ಅದೇ ತಲೆಯಲ್ಲಿ ಉಳಿ ಹಿಡಿದೆ. ಖಾನಾಪುರದಿಂದ ತಂದ ಸಾಗವಾನಿಯಲ್ಲಿ ಕವಚದ ಕತ್ತಿನ ಭಾಗ ಕಡೆಯುತ್ತಿದ್ದೆ, ಬಾಯಲ್ಲಿ ಅಣ್ಣನ ಜೊತೆ ಜಗಳ ನಡೆದಿತ್ತು. ಉಳಿ ನಾರಿನ ಗುಂಟ ಜಾರಿ ಒಂದು ದೊಡ್ಡ ಚಕ್ಕೆ ಎಬ್ಬಿಸಿತು. ಆ ತುಂಡು ಹೋಯಿತು. ಸಿಟ್ಟಿಗೆ ಅಳು ಬಂತು. ನನಗೆ ಮೋಸ ಮಾಡಿದವನು ಊರಿನ ಆ ತುದಿಯಲ್ಲಿ ನನ್ನ ಗಿರಾಕಿಗಳ ಕೆಲಸ ಮಾಡುತ್ತ ಆರಾಮಾಗಿದ್ದಾನೆ. ನಾನು ಇಲ್ಲಿ ಕೂತು ಅವನ ಬಗ್ಗೆ ಯೋಚಿಸುತ್ತ ನನ್ನ ಕಟ್ಟಿಗೆ ಹಾಳು ಮಾಡುತ್ತಿದ್ದೇನೆ. ಅಂದರೆ ಅವನು ಬಿಟ್ಟುಹೋದ ಕೆಲಸವನ್ನು ನಾನು ಮುಂದುವರಿಸುತ್ತಿದ್ದೇನೆ. ಆ ಚಕ್ಕೆಯನ್ನು ಎದ್ದ ಜಾಗಕ್ಕೆ ಮತ್ತೆ ಹಚ್ಚಿ ನೋಡಿದೆ, ನಿಲ್ಲಲಿಲ್ಲ.

ಒಂದು ಸಂಗತಿ ಹೊಳೆಯಿತು. ಕಟ್ಟಿಗೆಯ ಮುಂದೆ ನನ್ನ ಕೈ ಹೆದರುವುದು ಯಾಕೆಂದರೆ, ತೆಗೆದದ್ದನ್ನು ಮತ್ತೆ ಹಚ್ಚಲು ಬರುವುದಿಲ್ಲ. ಹಲಗೆಯ ಮೇಲಿನ ಗೆರೆ ಅಳಿಸಬಹುದು, ಆದರೆ ಅದು ಚಪ್ಪಟೆ, ಸುತ್ತುವ ಆಕಾರದ ಅನುಮಾನಗಳನ್ನು ತೀರಿಸುವುದಿಲ್ಲ. ತೆಗೆಯಲೂ ಹಚ್ಚಲೂ ಬರುವಂಥದು ಒಂದು ನಡುವೆ ಬೇಕು. ಮರುದಿನ ಮತ್ತೆ ಖಾನಾಪುರದ ಬಸ್ಸು ಹತ್ತಿದೆ. ಸಾ ಮಿಲ್ಲಿಗೆ ಹೋಗಲಿಲ್ಲ, ಕುಂಬಾರರ ಮನೆಗೆ ಹೋಗಿ ಎರಡು ಚೀಲ ಹದಮಾಡಿದ ಮಣ್ಣು ಕೇಳಿದೆ. ಗಡಿಗೆ ಮಾಡುತ್ತೀರಾ ಎಂದು ಕುಂಬಾರರ ಹೆಂಗಸು ಕೇಳಿದಳು. ಬಸವನಹುಳು ಅಂದೆ. ಪೇಟೆಯವರ ಹುಚ್ಚು ನೂರೆಂಟು ಎಂಬ ಮುಖ ಮಾಡಿ ಮಣ್ಣು ತುಂಬಿಕೊಟ್ಟಳು.

ಶೆಡ್ಡಿಗೆ ಬಂದು ಒಂದು ಕಟ್ಟುನಿಟ್ಟು ಮಾಡಿಕೊಂಡೆ. ತಲೆಯಲ್ಲಿ ಎದ್ದ ಪ್ರಶ್ನೆಗೆ ಪಟ್ಟಿ ಹಿಡಿಯಲು ಬರುತ್ತದೆಯೇ? ಬಂದರೆ ಕೂಡಲೆ ಮಣ್ಣಿನಲ್ಲಿ ಮಾಡಿ ಅಳೆಯುವುದು. ಬರದಿದ್ದರೆ ಅದು ಇವತ್ತಿನ ಕೆಲಸವಲ್ಲ. ಕೋರ್ ಗೂಡಿನಲ್ಲಿ ಸಡಿಲವಾದೀತೇ ಎಂಬುದಕ್ಕೆ ಪಟ್ಟಿ ಹಿಡಿಯಬಹುದು. ಅಣ್ಣನಿಗೆ ಯಾವಾಗಿನಿಂದ ಗೊತ್ತಿತ್ತು ಎಂಬುದಕ್ಕೆ ಬರುವುದಿಲ್ಲ. ಒಂದರ ಪಟ್ಟಿಯನ್ನು ಮನೆಗೆ ಒಯ್ದು ಅತ್ತೆಯ ಟ್ರಂಕಿನಲ್ಲಿ ಹಾಕಿ ಕೀಲಿ ಅವರ ಕೈಗೆ ಕೊಟ್ಟೆ. ಕೆಲಸ ಮುಗಿಯುವವರೆಗೆ ನಾನು ಕಾಲಿಗೆ ಬಿದ್ದರೂ ಕೊಡಬೇಡಿ ಅಂದೆ. ಅವರು ಆ ಕೀಲಿಯನ್ನು ಸೊಂಟಕ್ಕೆ ಸಿಗಿಸಿಕೊಂಡು ದೊಡ್ಡ ಜವಾಬ್ದಾರಿ ಹೊತ್ತವರಂತೆ ಓಡಾಡಿದರು.

ಮಣ್ಣಿನ ಬಸವನಹುಳು ಎದ್ದಿತು. ತಂತಿಯಿಂದ ಅಲ್ಲಲ್ಲಿ ಅಡ್ಡ ಕೊಯ್ದು ತಗಡು ಹಿಡಿದು ನೋಡುತ್ತಿದ್ದೆ, ಹೆಚ್ಚಾದಲ್ಲಿ ಕೆರೆದು, ಕಡಿಮೆಯಾದಲ್ಲಿ ಮೆತ್ತುತ್ತಿದ್ದೆ. ಎರಡನೇ ದಿನ ಬೆಳಿಗ್ಗೆ ಅಳೆದರೆ ಎಲ್ಲ ಅಳತೆಯೂ ಕಡಿಮೆ. ಮತ್ತೆ ತಪ್ಪು ಪಟ್ಟಿಯೇ? ಟ್ರಂಕಿನಿಂದ ಒಂದರ ಪಟ್ಟಿ ಎದ್ದು ಬಂತೇ? ಆಮೇಲೆ ತಿಳಿಯಿತು, ಮಣ್ಣು ಒಣಗಿತ್ತು, ಒಣಗಿದ ಮಣ್ಣೂ ಕುಗ್ಗುತ್ತದೆ. ಕುಗ್ಗುವುದನ್ನೇ ಉಣ್ಣುವ ಕಸಬಿನವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ ಅಂತ ಒಬ್ಬಳೇ ನಕ್ಕೆ. ಎಷ್ಟೋ ತಿಂಗಳ ಮೇಲೆ ಆ ಶೆಡ್ಡಿನಲ್ಲಿ ನಗು ಕೇಳಿಸಿದ್ದು. ಹಳೆಯದನ್ನು ಕಲಸಿ ಮತ್ತೆ ಎಬ್ಬಿಸಿ, ಮೇಲೆ ಹಸಿ ಗೋಣಿ ಹೊದಿಸಿಟ್ಟೆ.

ಮಣ್ಣು ಒಂದು ನಿಜವಾದ ತೊಡಕನ್ನೂ ತೋರಿಸಿತು. ಸುರುಳಿ ಶುರುವಾಗುವಲ್ಲಿ ನಾಲಿಗೆಯಂಥ ಚೂಪಿದೆ. ನಾನು ಅಂದುಕೊಂಡ ಕಡೆ ಪ್ಯಾಟರ್ನನ್ನು ಎರಡಾಗಿ ಸೀಳಿದರೆ, ಮರಳಿನಿಂದ ಮೇಲೆತ್ತುವಾಗ ಆ ಚೂಪು ಮರಳನ್ನು ಹರಿದುಕೊಂಡೇ ಬರುತ್ತಿತ್ತು. ಹಲಗೆಯ ಮೇಲೆ ಅಷ್ಟು ಸಲ ಬರೆದರೂ ಇದು ಕಂಡಿರಲಿಲ್ಲ. ಚೂಪಿನ ಭಾಗವನ್ನು ಬಿಡಿ ತುಂಡಾಗಿ ಮಾಡಿ, ಪ್ಯಾಟರ್ನ್ ಎತ್ತಿದ ಮೇಲೆ ಅದನ್ನು ಬೇರೆಯಾಗಿ ಬದಿಯಿಂದ ಎಳೆಯುವುದೆಂದು ಠರಾಯಿಸಿದೆ. ಇದನ್ನು ಮೊದಲಾದರೆ ಅಣ್ಣನನ್ನು ಕೇಳುತ್ತಿದ್ದೆ. ಈಗ ಕೇಳಲು ಯಾರೂ ಇರಲಿಲ್ಲ, ಮಣ್ಣಿನಲ್ಲೇ ಎಳೆದು ನೋಡಿದೆ, ಬಂತು.

ಆಮೇಲೆ ಕಟ್ಟಿಗೆ. ಹಲಗೆಗಳನ್ನು ನಾರು ಅಡ್ಡಡ್ಡ ಬರುವಂತೆ ಅಂಟಿಸಿ, ಅಂಟು ಪೂರ್ತಿ ಒಣಗಲು ಬಿಟ್ಟು, ಸ್ವಲ್ಪ ಸ್ವಲ್ಪವಾಗಿ ಕಡೆದೆ. ಕಡೆಯುವುದರಲ್ಲಿ ಅಣ್ಣನ ಕೈ ನನಗಿಲ್ಲ. ಅವನು ಒಂದು ಎಳೆತಕ್ಕೆ ತೆಗೆಯುವ ಹೊಟ್ಟನ್ನು ನಾನು ಮೂರು ಎಳೆತಕ್ಕೆ ತೆಗೆಯುತ್ತಿದ್ದೆ. ಆದರೆ ಪ್ರತಿ ಸಲ ತಗಡು ಇಳಿಯುತ್ತಿತ್ತು. ಜಗಳ ಪೂರ್ತಿ ನಿಂತಿತು ಅಂತ ಸುಳ್ಳು ಹೇಳಲಾರೆ. ಅವನು ತಲೆಯೊಳಗೆ ಬಂದಾಗಲೆಲ್ಲ ಉಳಿ ಕೆಳಗಿಟ್ಟು, ಇದಕ್ಕೆ ಪಟ್ಟಿ ಹಿಡಿಯಲು ಬರುತ್ತದೆಯೇ ಎಂದು ಕೇಳಿಕೊಳ್ಳುತ್ತಿದ್ದೆ. ಬರುವುದಿಲ್ಲ ಅಂತ ತಿಳಿದು ಉಳಿ ಎತ್ತಿಕೊಳ್ಳುತ್ತಿದ್ದೆ. ಮಗ್ಗದವರು ಕಿಟಕಿಯಿಂದ ನೋಡಿ, ಅಕ್ಕನವರು ಉಳಿಗೆ ವಿಶ್ರಾಂತಿ ಕೊಡುತ್ತಾರೆ ಅಂತ ಚೇಷ್ಟೆ ಮಾಡುತ್ತಿದ್ದರು.

ಕೋರ್ ಕೂಡಿಸುವ ದಿನ ಫೌಂಡ್ರಿಗೆ ನಾನೇ ಹೋದೆ. ಮೊದಲೆಲ್ಲ ಅದು ಅಣ್ಣನ ಪಾಲಿನ ಕೆಲಸವಾಗಿತ್ತು. ಕೋರನ್ನು ಗೂಡಿನಲ್ಲಿ ಇಳಿಸಿದಾಗ ಎರಡೂ ಕೈಯಿಂದ ಮೆಲ್ಲಗೆ ಅಲ್ಲಾಡಿಸಿ ನೋಡಿದೆ. ಕೂತದ್ದು ಕೂತೇ ಇತ್ತು. ಉಕ್ಕು ಹೊಯ್ದರು. ಆರಿದ ಮೇಲೆ ಒಡೆದು, ಉಜ್ಜಿ, ನೀರು ತುಂಬಿ ಒತ್ತಡ ಕೊಟ್ಟರು. ಮಾಲಕರು ಮೇಲಿನ ಗೋಡೆಯ ಮೇಲೆ ಅಂಗೈ ಸವರಿ ನನಗೆ ತೋರಿಸಿದರು. ಒಣಗಿತ್ತು. ಇನ್ನೊಂದು ನಕ್ಷೆ ಇದೆ, ಹಬ್ಬ ಮುಗಿಸಿ ಬಂದು ಒಯ್ಯಿರಿ ಅಂದರು.

ಖಂಡೇನವಮಿಯ ಆಯುಧಪೂಜೆಗೆ ಉಳಿ, ರಂದಾ, ಗರಗಸ ಎಲ್ಲ ತೊಳೆದು ಸಾಲಾಗಿ ಇಟ್ಟೆ. ಟ್ರಂಕಿನಿಂದ ಒಂದರ ಪಟ್ಟಿಯೂ ಬಂತು, ಅದರದೇನು ತಪ್ಪು. ಖಾನಾಪುರದಿಂದ ತಂದಿದ್ದ ಆ ಕೋರ್ ಪೆಟ್ಟಿಗೆಯನ್ನೂ ಸಾಲಿನಲ್ಲಿಟ್ಟು ಚೆಂಡುಹೂ ಏರಿಸಿದೆ. ಮರುದಿನ ದಶಮಿಯ ಸಂಜೆ ಬಂಗಾರವೆಂದು ಬನ್ನಿ ಎಲೆ ಕೊಡುವ ಹೊತ್ತು. ಕಿರಿಯರು ಹಿರಿಯರ ಮನೆಗೆ ಹೋಗಿ ಬನ್ನಿ ಕೊಟ್ಟು ಕಾಲಿಗೆರಗಬೇಕು. ಜಗಳವಾದವರೂ ಅವತ್ತು ಮುಖ ತಿರುಗಿಸುವಂತಿಲ್ಲ. ಪ್ರತಿ ವರ್ಷ ಮೊದಲ ಬನ್ನಿ ಅಣ್ಣನಿಗೆ ಕೊಡುತ್ತಿದ್ದೆ. ಈ ವರ್ಷ ಪಂಚಮಿಗೆ ಕೆಲಸದ ನೆಪ ಹೇಳಿ ತಪ್ಪಿಸಿಕೊಂಡಿದ್ದೆ, ಬನ್ನಿಗೂ ಹೋಗಲಿಲ್ಲ. ಅವನೇ ಶೆಡ್ಡಿಗೆ ಬಂದ.

ಬನ್ನಿಯ ಎಲೆ ಹಿಡಿದು ಕೈ ಚಾಚಿದವನ ಕಣ್ಣು ಪೆಟ್ಟಿಗೆಯ ಮೇಲೆ ಬಿತ್ತು. ಕೈ ಅಲ್ಲೇ ನಿಂತಿತು.

"ಸಾಗವಾನಿ, ಅಣ್ಣಾ," ಅಂದೆ. "ಸುಡಾಕ ಚಾಚಾರಿಗೆ ಮನಸ ಬರ್ಲಿಲ್ಲ."

ಅವನು ಸ್ಟೂಲಿನ ಮೇಲೆ ಕೂತ. ಯಾವಾಗಿನಿಂದ ಗೊತ್ತಿತ್ತು ಎಂದು ಕೇಳಿದೆ. ಆ ಪ್ರಶ್ನೆಯ ಸರದಿ ಈಗ ಬಂದಿತ್ತು. ಅವನು ನೆಲ ನೋಡುತ್ತ ಹೇಳಿದ.

"ಫೌಂಡ್ರ್ಯಾಗ ಕೋರ ಕೂಡ್ಸುವಾಗ ಅಳ್ಳಾಡ್ತು. ಪಟ್ಟಿ ನಾನ ತಪ್ಪಿ ಹಿಡದೀನಿ ಅಂತ ಅವಾಗ ತಿಳೀತು. ಸುತ್ತಾ ಮಣ್ಣ ಮೆತ್ತಿದೆ. ನಡೀತದ ಅನಕೊಂಡೆ."

ಉಕ್ಕು ಹೊಯ್ಯುವ ಮೊದಲೇ ಗೊತ್ತಿತ್ತು. ನನ್ನನ್ನು ಬದಿಗೆ ಕರೆದು ತಂಗೆವ್ವಾ ಅಂದಾಗ ಗೊತ್ತಿತ್ತು. ನಾನು ಅಣ್ಣನ ಪಾಲು ಅಂತ ಹಾಲೆರೆಯುವಾಗ ಪಕ್ಕದಲ್ಲಿ ನಿಂತು ನೋಡಿದಾಗಲೂ ಗೊತ್ತಿತ್ತು. ಒಂದು ಬೇಸಿಗೆ ಪೂರ್ತಿ ಅವನಿಗಾಗಿ ನಾನು ಹುಡುಕಿದ ನೆಪಗಳಲ್ಲಿ ಒಂದೂ ಅವನಿಗೆ ಬೇಕಾಗಿರಲಿಲ್ಲ.

ಅವನು ಇನ್ನೂ ಮಾತಾಡುತ್ತಿದ್ದ. ತನ್ನ ಶೆಡ್ಡಿನಲ್ಲಿ ಹಲಗೆ ಬರೆಯುವವರು ಸರಿಯಾಗಿ ಸಿಗುತ್ತಿಲ್ಲ, ಎರಡು ಕೆಲಸ ವಾಪಸು ಬಂದವು ಅಂದ. ಬನ್ನಿಯನ್ನು ಮತ್ತೆ ಮುಂದೆ ಮಾಡಿದ.

"ಆದದ್ದು ಆತು. ಬಂಗಾರದಂಗ ಇರೂಣು. ನೀ ಹಲಗಿ ಬರಿ, ನಾ ಕಡೀತೀನಿ."

"ಬನ್ನಿ ಹಬ್ಬದ್ದು, ತಗೋತೀನಿ," ಅಂದೆ. "ಹಲಗೀನೂ ನಾನ ಬರೀತೀನಿ, ಕಟಗೀನೂ ನಾನ ಕಡೀತೀನಿ."

ಇದನ್ನು ಹೇಳಲು ನಾನು ಯೋಚನೆ ಮಾಡಿರಲಿಲ್ಲ. ಎಲೆ ತೆಗೆದುಕೊಂಡೆ, ಅವನ ಕೈಗೂ ಎರಡು ಎಲೆ ಇಟ್ಟೆ. ಕಾಲಿಗೆರಗಲಿಲ್ಲ. ಅವನು ಬಾಗಿಲ ತನಕ ಹೋಗಿ ನಿಂತು, ಬರುವ ಪಂಚಮಿಗಾದರೂ ಬರುತ್ತೀಯಲ್ಲ ಅಂದ. ಬರುವುದಿಲ್ಲ, ಕರೆಯಬೇಡ ಅಂದೆ. ಅವನು ಚಪ್ಪಲಿ ಹಾಕಿಕೊಂಡು ಹೋದ.

ಬಾಗಿಲು ಮುಂದೆ ಮಾಡಿ, ಪೂಜೆಗಿಟ್ಟ ಉಳಿಗಳ ಪಕ್ಕ ಕೂತು ಅತ್ತುಬಿಟ್ಟೆ. ಶೆಡ್ಡು ಉಳಿದಿತ್ತು, ತವರು ಹೋಗಿತ್ತು. ಮರುದಿನ ಬೆಳಿಗ್ಗೆ ಮಾಲಕರಿಂದ ಹೊಸ ನಕ್ಷೆ ತಂದೆ. ಹಲಗೆಯ ಮೇಲಿನ ಹಳೆಯ ಬಣ್ಣವನ್ನೆಲ್ಲ ಕಟ್ಟಿಗೆ ಕಾಣುವ ತನಕ ಕೆರೆದು ತೆಗೆದೆ. ಆಮೇಲೆ ಒಂದೇ ಸಲ ಬಿಳಿ ಬಣ್ಣ ಬಳಿದೆ.